ಅವ್ವನ ಮಂಡಿ ಮತ್ತು ಉತ್ತರ ಧ್ರುವ

ಉತ್ತರಕ್ಕೆ ತಲೆ ಹಾಕಿ ಮಲಗಿ ಬೈಸಿಕೊಳ್ಳದ ಕನ್ನಡಿಗರು ಕಡಿಮೆ. ನಮ್ಮಜ್ಜಿ ಇದಕ್ಕೆ ಗಣೇಶನ ಕಥೆ ಹೇಳ್ತಿದ್ಲು. ಶಿವನ ಗಣಗಳು ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯ ತಲೆಯನ್ನೇ ಕಡಿದು ತಂದರಂತೆ. ಕಥೆ ಚೆನ್ನಾಗಿತ್ತು, ಕೇಳೋಕೆ ಕಾಸೂ ಬೇಕಿರಲಿಲ್ಲ.

ಈಗ ಅದೇ ಮಾತಿಗೆ 'ಸೈಂಟಿಫಿಕ್ ರೀಸನ್' ಬಂದಿದೆ. ಭೂಮಿ ಒಂದು ಅಯಸ್ಕಾಂತ, ನಮ್ಮ ತಲೆ ಉತ್ತರ ಧ್ರುವ, ಒಂದೇ ಥರದ ಧ್ರುವಗಳು ಒಂದನ್ನೊಂದು ತಳ್ಳುತ್ತವೆ, ರಕ್ತದಲ್ಲಿ ಬೇರೆ ಕಬ್ಬಿಣ ಇದೆ... ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ಫಾರ್ವರ್ಡ್ ಆಗಿದ್ದಷ್ಟು ದಿನ ಅದು ತಮಾಷೆ. ಹೋದ ವರ್ಷ ಅದು ವ್ಯಾನು ಹತ್ತಿ ನಮ್ಮ ರಾವಂದೂರಿಗೇ ಬಂತು. ಟೀ, ಬಿಸ್ಕತ್ತು ಫ್ರೀ. ಟೈ ಕಟ್ಟಿದ ಒಬ್ಬಾತ ಎರಡು ಅಯಸ್ಕಾಂತ ಹಿಡಿದು ಪಾಠ ಮಾಡಿ, ಮಂಡಿನೋವಿಗೆ 'ಮ್ಯಾಗ್ನೆಟಿಕ್ ಹಾಸಿಗೆ' ಮಾರಿ ಹೋದ. ಹೊಗೆಸೊಪ್ಪು ಮುರಿದು, ಬ್ಯಾರನ್ನಿಗೆ ಏರಿಸಿ ಮಂಡಿ ಸವೆಸಿಕೊಂಡಿದ್ದ ಅವ್ವ, ಸಂಘದಲ್ಲಿ 60,000 ಸಾಲ ಎತ್ತಿ ಒಂದನ್ನು ತಗೊಂಡ್ಲು.

"ಆ ವಯ್ಯ ನಿಮ್ ಇಸ್ಕೂಲ್ ಬುಕ್ಕಲ್ಲಿರೋದ್ನೇ ಹೇಳ್ದ ಕಣಪ್ಪಾ. ಎರಡ್ನೂ ಹತ್ರ ತಂದ್ರೆ ತಳ್ತಿದ್ವು, ಕಣ್ಣಾರೆ ನೋಡ್ದೆ" ಅಂದ್ಲು.

ಅವಳು ನೋಡಿದ್ದು ನಿಜವೇ. ಆತ ಹೇಳದೆ ಬಿಟ್ಟ ಇನ್ನರ್ಧ ಪಾಠ ಹೀಗಿದೆ.

ದಿಕ್ಸೂಚಿ ಮುಳ್ಳಿನ ಉತ್ತರ ಧ್ರುವ ಉತ್ತರಕ್ಕೆ ತಿರುಗುತ್ತೆ. ವಿರುದ್ಧ ಧ್ರುವಗಳು ತಾನೇ ಸೆಳೆಯೋದು? ಅಂದ್ರೆ ಭೂಮಿಯ ಉತ್ತರದ ಕಡೆ ಇರೋದು, ಅಯಸ್ಕಾಂತದ ಲೆಕ್ಕದಲ್ಲಿ, ದಕ್ಷಿಣ ಧ್ರುವ. ತಲೆ ಉತ್ತರ ಧ್ರುವ ಅಂತಲೇ ಇಟ್ಟುಕೊಂಡರೂ ಉತ್ತರ ದಿಕ್ಕು ಅದನ್ನು ತಳ್ಳಬಾರದು, ಎಳೀಬೇಕು. ಆತನ ಲೆಕ್ಕ ಅಲ್ಲೇ ತಲೆಕೆಳಗಾಯ್ತು.

ಇನ್ನು ರಕ್ತ. ಕಬ್ಬಿಣದ ಮೊಳೆಯಲ್ಲಿ ಕೋಟ್ಯಂತರ ಪರಮಾಣುಗಳು ಗುಂಪುಗುಂಪಾಗಿ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ, ಅದಕ್ಕೇ ಮೊಳೆ ಅಯಸ್ಕಾಂತಕ್ಕೆ ಅಂಟೋದು. ರಕ್ತದ ಕಬ್ಬಿಣದ ಪರಮಾಣುಗಳು ಹಿಮೋಗ್ಲೋಬಿನ್ನಿನೊಳಗೆ ಒಂದಕ್ಕೊಂದು ದೂರ ಕೂತಿವೆ, ಗುಂಪು ಕಟ್ಟೋಕಾಗಲ್ಲ. ಆಮ್ಲಜನಕ ತುಂಬಿದ ರಕ್ತವನ್ನಂತೂ ಅಯಸ್ಕಾಂತ ಸೆಳೆಯೋದೇ ಇಲ್ಲ, ತೀರಾ ಸಣ್ಣಗೆ ದೂಡುತ್ತೆ.

ಇಷ್ಟು ಹೇಳಿದ್ರೆ ಅವ್ವ ಆಕಳಿಸ್ತಾಳೆ. ಅದಕ್ಕೆ ಫೋನ್ ತೆಗೆದೆ. ನಕ್ಷೆಯಲ್ಲಿ ದಿಕ್ಕು ತೋರಿಸೋಕೆ ಅಂತ ಬಹುತೇಕ ಸ್ಮಾರ್ಟ್‌ಫೋನುಗಳಲ್ಲಿ ಅಯಸ್ಕಾಂತ ಅಳೆಯುವ ಸೆನ್ಸರ್ ಇರುತ್ತೆ. ಬರೀ ನೆಲದ ಮೇಲೆ ಸುಮಾರು 40 ಮೈಕ್ರೋಟೆಸ್ಲಾ, ಅದು ನಮ್ಮ ಕಡೆ ಭೂಮಿಯದೇ ಬಲ. ಹಾಸಿಗೆಯ ಬಿಲ್ಲೆಗೆ ಒತ್ತಿ ಹಿಡಿದಾಗ ನಂಬರ್ ಜಿಗೀತು. ಒಂದು ಗೇಣು ಮೇಲೆತ್ತಿದೆ, ಮತ್ತೆ 40ರ ಆಸುಪಾಸು. ಅಯಸ್ಕಾಂತದ ಬಲ ಕುಗ್ಗೋದೇ ಹಾಗೆ. ಅದರಲ್ಲೂ ಉತ್ತರ, ದಕ್ಷಿಣ ಧ್ರುವಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸ್ವಲ್ಪ ದೂರದಲ್ಲೇ ಒಂದನ್ನೊಂದು ಹೊಡೆದು ಹಾಕುತ್ತವೆ.

"ಆವತ್ತು ಮೈಸೂರಲ್ಲಿ ಎಂಆರ್‌ಐ ಮಾಡ್ಸಿದ್ವಲ್ಲ, ಆ ಮಿಷನ್ನೂ ಅಯಸ್ಕಾಂತಾನೇ ಕಣವ್ವಾ" ಅಂದೆ. ಸಾಮಾನ್ಯವಾದ ಮಿಷನ್ನಿಗೆ 1.5 ಟೆಸ್ಲಾ. ಭೂಮಿಯ ಬಲದ 30,000 ಪಟ್ಟಿಗೂ ಹೆಚ್ಚು. ಅವ್ವನ ಮಂಡಿ ಅದರ ನಟ್ಟನಡುವೆ ಅರ್ಧ ಗಂಟೆ ಇತ್ತು.

ಅವ್ವ ಒಂದು ಕ್ಷಣ ಯೋಚಿಸಿದಳು. "ಹಂಗಾರೆ ಆವತ್ತೇ ನಾನು ಎದ್ದು ಓಡ್ಬೇಕಿತ್ತಲ್ಲಾ!" ಅಂತ ನಕ್ಕಳು. ಆಮೇಲೆ ನಗಲಿಲ್ಲ. ಬಿಲ್ಲಿನ ಮೇಲಿದ್ದ ನಂಬರು ಸ್ವಿಚ್ ಆಫ್.

ನನಗೆ ಸಿಟ್ಟು ಬರೋದು ಇಲ್ಲಿ. ಬೂದಿ, ತಾಯತ ಅಂತ ಬಂದಿದ್ದರೆ ಅವ್ವ ಓಡಿಸಿಬಿಡ್ತಿದ್ಲು. ಮಗನನ್ನು ಇಂಜಿನಿಯರ್ ಮಾಡಿದ ಪುಸ್ತಕದ ಮಾತು ಅಂತ ನಂಬಿದಳು. ಆತ ಕದ್ದದ್ದು ಆ ಗೌರವವನ್ನು. ಬೆಂಗಳೂರಲ್ಲಿ ಕೂತಿರೋ ನಮ್ಮಂಥವರು ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ, ಮಳೆ ಬಂತಾ ಕೇಳಿದ ಮೇಲೆ ಇದೊಂದನ್ನೂ ಸೇರಿಸೋಣ: ಯಾರೇ ವಿಜ್ಞಾನ ಹೇಳಿ ಏನೇ ಮಾರಲಿ, ಸಹಿ ಹಾಕೋ ಮುಂಚೆ ನಂಗೊಂದು ಫೋನ್ ಮಾಡು.

ಮಂಡಿಗೆ ಈಗ ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ನಡೀತಿದೆ. ಸಂಘದ ಕಂತು ಪ್ರತಿ ಮಂಗಳವಾರ ಕಟ್ಟುತ್ತಿದ್ದೇವೆ. ಇನ್ನೂ 31 ವಾರ ಇದೆ.