ಸೂಚಿಪುಟಕ್ಕೆ ಇಷ್ಟೊಂದು ಬಂಗಾರವೇ?

ಅರ್ಮೇನಿಯನ್ ಚಿತ್ರಕಾರ ತೊರೊಸ್ ರೊಸ್ಲಿನ್ 1256ರಲ್ಲಿ ಯೂಫ್ರೆಟಿಸ್ ದಡದ ಹ್ರೊಮ್‌ಕ್ಲಾ ಕೋಟೆಯಲ್ಲಿ ಚಿತ್ರಿಸಿದ ಸುವಾರ್ತೆಯ ಕೆಲವು ಪುಟಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುತ್ತಿದ್ದೇನೆ. ತೆಳ್ಳನೆಯ ಕಂಬಗಳು, ಮೇಲೆ ಬಂಗಾರ ಬಳಿದ ಭಾರೀ ಚೌಕಟ್ಟು, ಅದರ ನೆತ್ತಿಯಲ್ಲಿ ಹಕ್ಕಿಗಳು, ಪಕ್ಕದಲ್ಲಿ ಗಿಡಗಳು. ಯೇಸು ಎಲ್ಲಿ? ಇಲ್ಲ. ಕಂಬಗಳ ನಡುವೆ ಇರುವುದು ಬರೀ ಅಂಕಿ! ರೈಲ್ವೆ ವೇಳಾಪಟ್ಟಿಗೆ ಗರ್ಭಗುಡಿಯ ಬಾಗಿಲವಾಡ ಕೂರಿಸಿದ ಹಾಗಿದೆ.

*

ಅಂಕಿಗಳ ಗುಟ್ಟು ಇಷ್ಟು. ಒಂದೇ ಪ್ರಸಂಗ ನಾಲ್ಕು ಸುವಾರ್ತೆಗಳಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು 4ನೇ ಶತಮಾನದ ಸಿಸೇರಿಯದ ಯುಸೀಬಿಯಸ್ ಹತ್ತು ಕೋಷ್ಟಕ ಮಾಡಿಟ್ಟ. ಮತ್ತಾಯನ ಸುವಾರ್ತೆಯೊಂದಕ್ಕೇ ಅಂಕಿ ಹಾಕಿದ 355 ತುಣುಕು. ಮೊದಲ ಕೋಷ್ಟಕ ನಾಲ್ವರೂ ಹೇಳಿದ ಮಾತಿಗೆ, ಕೊನೆಯದು ಒಬ್ಬನೇ ಹೇಳಿದ್ದಕ್ಕೆ. ಅರ್ಮೇನಿಯನ್ನರಲ್ಲಿ ಅಂಕಿಗಳೂ ಅಕ್ಷರಗಳೇ: 405ರ ಸುಮಾರಿಗೆ ಮೆಸ್ರೊಪ್ ಮಶ್ತೊತ್ಸ್ ರೂಪಿಸಿದ 36 ಅಕ್ಷರಗಳು 1ರಿಂದ 9000ದವರೆಗಿನ ಎಣಿಕೆಗೂ ದುಡಿಯುತ್ತವೆ.

*

ಈ ಪುಸ್ತಕ ಅರ್ಮೇನಿಯನ್ ಚರ್ಚಿನ ಮುಖ್ಯ ಧರ್ಮಗುರು ಕಾನ್‌ಸ್ಟಂಟೈನ್ ಯುವ ರಾಜಕುಮಾರ ಲೆವೊನ್‌ಗೆಂದು ಮಾಡಿಸಿದ್ದು. ಆತ ಕೋಷ್ಟಕ ಹಿಡಿದು ಲೂಕನಿಂದ ಮಾರ್ಕನಿಗೆ ಹೋಗಿ ಬಂದನೇ? ನನಗೇನೋ ಹಕ್ಕಿ ನೋಡಿಕೊಂಡೇ ಕೂತಿದ್ದ ಅನ್ನಿಸುತ್ತದೆ.

*

12ನೇ ಶತಮಾನದ ಅರ್ಮೇನಿಯನ್ ಧರ್ಮಗುರು ನೆರ್ಸೆಸ್ ಶ್ನೊರ್ಹಾಲಿ ಈ ಕೋಷ್ಟಕಗಳಿಗೇ ಒಂದು ವ್ಯಾಖ್ಯಾನ ಬರೆದಿದ್ದಾನೆ. ಒಳಗಿನ ದೇವರ ಮಾತಿಗೆ ಹೋಗುವ ಮುನ್ನ ಇವು ಕಣ್ಣು, ಕಿವಿಗಳಿಗೆ ಮೀಯುವ ಜಾಗವಂತೆ. ಬಣ್ಣ, ಗಿಡ, ಹಕ್ಕಿ ಎಲ್ಲಕ್ಕೂ ಅವನಲ್ಲಿ ಅರ್ಥವಿದೆ. ಹಾಗಾದರೆ ಅಂಕಿ ನೆಪಮಾತ್ರವೇ? ಆದರೂ ಅಂಕಿಯನ್ನು ಯಾರೂ ಕೈಬಿಟ್ಟಿಲ್ಲ. ಇದೇ ನನಗೆ ಬಿಡಿಸಲಾಗದ ಒಗಟು.

*

ಮುಂದಿನ ಪುಟಗಳಲ್ಲಿ ಅಕ್ಷರಗಳೇ ಹಕ್ಕಿಯಾಗುತ್ತವೆ. ಕತ್ತು ಬಾಗಿದರೆ ಅಕ್ಷರದ ಕೊಂಕು, ಬಾಲ ಚಾಚಿದರೆ ಅದರ ಕಾಲು. ಅರ್ಮೇನಿಯನ್ ಓದಲು ಬಾರದವನಿಗೆ ಹಕ್ಕಿ ಮಾತ್ರ ಕಾಣುತ್ತದೆ. ನಾನೂ ಆ ಗುಂಪಿನವನೇ.

*

1915ರಲ್ಲಿ ಒಟ್ಟೋಮನ್ ಆಡಳಿತ ಜೈತುನ್ ಊರಿನ ಅರ್ಮೇನಿಯನ್ನರನ್ನು ಹೊರದೂಡಿದ ದಿನಗಳಲ್ಲಿ ಈ ಪುಸ್ತಕ ಕೈತಪ್ಪಿತು. ಕೋಷ್ಟಕದ ಎಂಟು ಪುಟಗಳು ಬೇರೆಯಾಗಿ ಅಮೆರಿಕ ಸೇರಿದವು. 1994ರಲ್ಲಿ ಅವನ್ನು ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂ ಕೊಂಡಿತು, 2010ರಲ್ಲಿ ಅರ್ಮೇನಿಯನ್ ಚರ್ಚು ಅವುಗಳಿಗಾಗಿ ದಾವೆ ಹೂಡಿತು. 2015ರಲ್ಲಿ ರಾಜಿ: ಒಡೆತನ ಚರ್ಚಿನದೇ ಎಂದು ಒಪ್ಪಿದ ಮೇಲೆ ಚರ್ಚು ಅವನ್ನು ಮ್ಯೂಸಿಯಂಗೇ ದಾನ ಕೊಟ್ಟಿತು. ಉಳಿದ ಪುಸ್ತಕ ಯೆರೆವಾನ್‌ನ ಹಸ್ತಪ್ರತಿ ಭಂಡಾರ ಮಾತೆನದರಾನ್‌ನಲ್ಲಿದೆ. ಅಲ್ಲಿ ಕೂತು ಮತ್ತಾಯನ ತುಣುಕಿಗೆ ಲೂಕನ ಜೋಡಿ ಹುಡುಕುವವನು ಈಗ ಲಾಸ್ ಏಂಜಲೀಸ್‌ಗೆ ವಿಮಾನ ಹತ್ತಬೇಕು!