ಅತ್ತಿಯವರ ಎರಡು ಪ್ಲೇಟು

ಈ ಸಲ ದೀಪಾವಳಿಗೆ ಮನಿ ಸ್ವಚ್ಛ ಮಾಡೂಮುಂದ ಅಟ್ಟದ ಮ್ಯಾಲಿಂದ ಒಂದು ತಗಡಿನ ಟ್ರಂಕು ಇಳಿಸಿದ್ವಿ. ಒಳಗ ನಮ್ಮ ಮಾವನವರು ಕೂಡಿಸಿಟ್ಟ ಗ್ರಾಮಾಫೋನ್ ಪ್ಲೇಟು. ನಮ್ಮನಿಯವರು, "ಗುಜರಿಯಂವಗ ಕೊಟ್ಟುಬಿಡು, ಜಾಗಾ ಆಗತೈತಿ" ಅಂದ್ರು. ನಾನೂ ಹೂಂ ಅಂದೆ. ಬಾಗಲದಾಗ ನಿಂತಿದ್ದ ಅತ್ತಿಯವರು ಮಾತ್ರ ಬ್ಯಾಡ ಅಂತ ಕೈ ಆಡಿಸಿದ್ರು.

ನಿಮಗೆಲ್ಲಾ ಗೊತ್ತಿದ್ದದ್ದ. ಹೋದ ವರ್ಷ ಥೈರಾಯ್ಡ್ ಆಪರೇಷನ್ ಆದಾಗಿಂದ ಅವರ ದನಿ ಬಿದ್ದೈತಿ. ಕಮರಿಪೇಟ್ಯಾಗ ಇಪ್ಪತ್ತು ವರ್ಷ ಏಕಾದಶಿ ಭಜನಿ ಎತ್ತಿಕೊಟ್ಟವರು, ಈಗ ತಾಳ ಸುದ್ದಾ ಮುಟ್ಟೂದಿಲ್ಲ. "ಗಂಡಸರ ದನಿ ಆಗೇತಿ, ಯಾರ ಮುಂದ ಹಾಡ್ಲಿ?" ಅಂತಾರ.

ನಾ ಶಾಣ್ಯಾಕಿ, ಪ್ಲೇಟೆಲ್ಲಾ ಹಸಿ ಅರಬಿಲೇ ಒರಿಸಿ ಮಾಳಿಗಿ ಮ್ಯಾಲೆ ಬಿಸಲಿಗೆ ಇಟ್ಟೆ. ಮಧ್ಯಾಹ್ನ ನೋಡಿದ್ರ ಒಂದು ದೊಡ್ಡ ಎಲ್‌ಪಿ ಅಂಚು ಹಪ್ಪಳ ಎದ್ದಂಗ ಎದ್ದಿತ್ತು! ರಿಪೇರಿ ಅಂಗಡಿ ಅಣ್ಣಾರು ಆಮ್ಯಾಲೆ ತಿಳಿಸಿದ್ರು. ಹಳೇ 78ರ ಪ್ಲೇಟು ಅರಗಿಂದಂತ, ನಮ್ಮ ಬಳಿ ಮಾಡ್ತಾರಲ್ಲ, ಅದ ಅರಗು. ಕೈಜಾರಿದ್ರ ಚೂರು, ಸ್ಪಿರಿಟ್ ಹಚ್ಚಿದ್ರ ಕರಗತೈತಿ. ಎಲ್‌ಪಿ ಪ್ಲಾಸ್ಟಿಕ್ಕಿಂದು, ಅಷ್ಟು ಸರಳ ಒಡಿಯೂದಿಲ್ಲ, ಆದ್ರ ಬಿಸಲಿಗೆ ಬಗ್ಗತೈತಿ. ಎರಡನ್ನೂ ಒಂದರ ಮ್ಯಾಲೊಂದು ಹೇರಬಾರದು, ತಾಟಿನ ಸ್ಟ್ಯಾಂಡಿನ್ಯಾಗ ತಾಟು ನಿಂದರಿಸಿದಂಗ ನಿಂದರಿಸಬೇಕು. ನಿಮ್ಮ ಮನ್ಯಾಗ ಇದ್ರ ನನ್ನಂಗ ಮಾಡಬ್ಯಾಡ್ರಿ.

ಮಗ ಮಾವನವರ ಹಳೇ ಪ್ಲೇಯರ್ ರಿಪೇರಿ ಮಾಡಿಸಿಕೊಂಡು ಬಂದ. 78ಕ್ಕ ಒಂದು ಸೂಜಿ, ಎಲ್‌ಪಿಗೆ ಇನ್ನೊಂದು, ತಿರುವಿ ಹಾಕೂದು. ಮೊದಲ ಒಂದು 78 ಹಚ್ಚಿದ. ಚೀಟಿ ಮ್ಯಾಲೆ "ಗಾಂಧಾರಿ" ಅಂತ ಇಂಗ್ಲಿಷಿನ್ಯಾಗ ಇತ್ತು. ಸಣ್ಣ, ಸವಿ ದನಿ, ಮೂರು ನಿಮಿಷದಾಗ ಮುಗೀತು. ಆಮ್ಯಾಲೆ ಬಗ್ಗಿದ ಎಲ್‌ಪಿ. ಅಂಚಿನ್ಯಾಗ ಸೂಜಿ ಜಿಗದು ಜಿಗದು, ಒಳಗ ಹೋದಮ್ಯಾಲೆ ಸುದ್ದ ಆತು. ತುಂಬು, ಗಟ್ಟಿ ದನಿ. "ಈ ಅಜ್ಜಾ ಯಾರು?" ಅಂದ್ಲು ಮೊಮ್ಮಗಳು.

ಅತ್ತಿಯವರು ಎಷ್ಟೋ ದಿನದ ಮ್ಯಾಲೆ ನಕ್ಕರು. "ಅಜ್ಜಾ ಅಲ್ಲವಾ, ಅಜ್ಜಿ. ಎರಡೂ ಒಬ್ಬಾಕೀನ. ನಮ್ಮ ಹುಬ್ಬಳ್ಳಿ ಗಂಗೂಬಾಯಿ."

1930ರ ದಶಕದಾಗ ಎಚ್‌ಎಂವಿಯವರು ಗಂಗೂಬಾಯಿ ಹಾನಗಲ್ಲರ ಮೊದಲಿನ ಪ್ಲೇಟು "ಗಾಂಧಾರಿ" ಅನ್ನೂ ಹೆಸರಿಲೇ ತಂದಿದ್ರು. ಧಾರವಾಡದಾಗ 1913ರಾಗ ಹುಟ್ಟಿದವರು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಾಗ ಗಾಂಧೀಜಿ ಮುಂದ ಹಾಡಿದ ಹುಡಿಗಿ. ಹಾಡೂ ಹೆಂಗಸು ಅಂತ ಓಣ್ಯಾಗ ಮಂದಿ ಆಡಿಕೊಂಡ್ರೂ, ಹುಬ್ಬಳ್ಳಿಯಿಂದ ರೈಲಿನ್ಯಾಗ ಕುಂದಗೋಳಕ್ಕ ಹೋಗಿ ಸವಾಯಿ ಗಂಧರ್ವರ ಕಡೆ ಕಲತರು. ಮುಂದ ಟಾನ್ಸಿಲ್ಲಿಗೆ ಚಿಕಿತ್ಸೆ ಆಗಿ ದನಿ ಪೂರಾ ಬದಲಾತು. ಸಣ್ಣ ದನಿ ಹೋತು, ಗಂಡಸರಂಥ ದಪ್ಪ ದನಿ ಬಂತು. ಅವರು ಹಾಡೂದು ನಿಂದರಿಸಲಿಲ್ಲ. ಆ ದಪ್ಪ ದನಿಯಿಂದನ ದೇಶಕ್ಕ ಗೊತ್ತಾದ್ರು, 2002ರಾಗ ಪದ್ಮವಿಭೂಷಣ ಬಂತು.

ಇದನ್ನೆಲ್ಲಾ ಹೇಳಿದವರು ಅತ್ತಿಯವರ. ಹೇಳಿಕೋತ ಹೇಳಿಕೋತ ತಾವ ಸುಮ್ಮನಾದ್ರು. ನಾನೂ ಏನೂ ಅನ್ನಲಿಲ್ಲ. ಬುದ್ಧಿ ಹೇಳಿದಂಗ ಆಗತೈತಿ ಅಂತ ಚಾ ಮಾಡಲಿಕ್ಕೆ ಒಳಗ ಹ್ವಾದೆ. ಚಾ ಕುದಿಯೂತನಕ ಎಲ್‌ಪಿ ಹಾಡತಾನ ಇತ್ತು. ಅದರ ಕೆಳಗ ಇನ್ನೊಂದು ದನಿ, ಗೊಗ್ಗರ, ಮೆಲ್ಲಕ. ನಾ ತಲಿಬಾಗಲಿಗೆ ಬಂದು ಕೇಳಲಿಲ್ಲ. ಕಂಡ್ರ ನಿಂದರಿಸ್ತಾರ ಅಂತ ಗ್ಯಾಸ್ ಸಣ್ಣ ಮಾಡಿದೆ.

ಮೊನ್ನೆ ಏಕಾದಶಿಗೆ ಮಗ್ಗಲಮನಿ ವೈನಿಯವರಿಗೆ ಮೊದಲ ಹೇಳಿಟ್ಟಿದ್ದೆ. ಅವರು ಪೇಟಿ ಕಪ್ಪು ಐದರಿಂದ ಕಪ್ಪು ಮೂರಕ್ಕ ಇಳಿಸಿದ್ರು. ಹುಡುಗ್ಯಾರಿಗೆ ತಳಾ ಸಿಗಲಿಲ್ಲ, ಗೊಣಗಿದ್ರು. ಅತ್ತಿಯವರು ಎತ್ತಿಕೊಡಲಿಲ್ಲ. ಆದ್ರ ಎರಡನೇ ಭಜನಿಗೆ ತಾಳ ತಗೊಂಡ್ರು, ಮೂರನೇದಕ್ಕ ಹಿಂದಿಂದ ದನಿ ಕೂಡಿಸಿದ್ರು.

ಟ್ರಂಕು ಗುಜರಿಗೆ ಹೋತು. ಪ್ಲೇಟು ಈಗ ದೇವರ ಖೋಲಿ ಮಗ್ಗಲ ಕಪಾಟಿನ್ಯಾಗ ನಿಂತಾವು. ಕೇಳಬೇಕಂದ್ರ ಸಂಜೀಮುಂದ ಬರ್ರಿ. ಪ್ಲೇಟು ಮಾತ್ರ ನಾ ಮುಟ್ಟೂದಿಲ್ಲ, ಅತ್ತಿಯವರು ಮುಟ್ಟಗೊಡೂದಿಲ್ಲ.