ಮನೆಯಂಗಳದ ರಿಪೇರಿ

ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿದ್ದು ಕಾವ್ಯ, ವ್ಯಾಕರಣಗಳನ್ನು ಓದಿ ಬೆಳೆದ ನಾವು ಮೋಟಾರು ಕಾರಿನ ಸ್ಪ್ರಿಂಗಿನ ವಿಷಯ ಬರೆಯಲು ಹೊರಟಿರುವುದು ಓದುಗ ಬಂಧುಗಳಿಗೆ ವಿಚಿತ್ರವೆನಿಸಬಹುದು. ಆದರೆ ಕಳೆದ ವರ್ಷ ಭೀಮನಬೀಡಿನ ನಮ್ಮ ಮನೆಯಂಗಳದಲ್ಲಿ ನಡೆದುದನ್ನು ಹೇಳದೆ ನಮಗೆ ಸಮಾಧಾನವಿಲ್ಲ. ಹಳೆಯ ಕಾರೂ ಉತ್ಸಾಹಿ ತರುಣರೂ ಇರುವ ಮನೆಗಳು ಈಗ ಹಳ್ಳಿಗಳಲ್ಲಿಯೂ ಕಡಿಮೆಯಿಲ್ಲ.

ನಮ್ಮದು 1998ರ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತ ಆ ಪುಟ್ಟ ವಾಹನ ಎಷ್ಟೋ ಮನೆಗಳಿಗೆ ಮೊದಲ ಕಾರು. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಅದನ್ನು ಉಳಿಸಿಕೊಂಡು ಬಂದಿದ್ದೇವೆ. ಈಚೆಗೆ ಅದರ ಮುಂಭಾಗ ಕುಗ್ಗಿತ್ತು. ರಸ್ತೆಯುಬ್ಬು ದಾಟಿದಾಗಲೆಲ್ಲ ಧಡ್ ಎಂಬ ಸದ್ದು, ಬೆನ್ನಿಗೇ ತೊಟ್ಟಿಲಿನಂತಹ ತೂಗಾಟ.

ನಮ್ಮ ತಮ್ಮನ ಮಗ ಡಿಪ್ಲೊಮಾ ಓದಿದವನು. ಅವನು ನೋಡಿ, ‘ದೊಡ್ಡಪ್ಪ, ಶಾಕ್ ಅಬ್ಸಾರ್ಬರ್ ಹೋಗದೆ. ಕಾಯಿಲ್‌ಓವರ್ ಹಾಕ್‌ಬುಡಾಣ. ಕಾರು ಎರಡಿಂಚು ತಗ್ಗುತದೆ, ನೋಡಕ್ಕೂ ಚೆಂದ’ ಎಂದನು.

ಅದೇನೆಂದು ಕೇಳಿದೆವು, ಅವನು ತಿಳಿಯುವಂತೆ ವಿವರಿಸಿದನು. ಕಾರಿನ ಭಾರವನ್ನು ಹೊತ್ತು ಕುಲುಕನ್ನು ನುಂಗುವುದು ಸ್ಪ್ರಿಂಗಿನ ಕೆಲಸ. ಹಾಗೆ ನುಂಗಿದ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ, ಒಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ಹಾಯಿಸಿ ಅದನ್ನು ಶಾಂತಗೊಳಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಹಳೆಯ ಅಂಬಾಸಡರಿನ ಹಿಂಭಾಗದಲ್ಲಿ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು ಭಾರ ಹೊರುತ್ತಿದ್ದವು. ಮಾರುತಿಯ ಮುಂಭಾಗದಲ್ಲಾದರೋ ಸುರುಳಿ ಸ್ಪ್ರಿಂಗು ಶಾಕ್ ಅಬ್ಸಾರ್ಬರನ್ನೇ ಸುತ್ತಿಕೊಂಡು ಒಂದೇ ಕಂಬವಾಗಿ ನಿಂತಿರುತ್ತದೆ. ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರು ರೂಪಿಸಿದ ಈ ಕ್ರಮ 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಕಾಣಿಸಿಕೊಂಡಿತು. ಕಾಯಿಲ್‌ಓವರ್ ಅದೇ ಬಳಗದ್ದು. ಆದರೆ ಅದರ ಮೈಮೇಲೆ ತಿರುಪಿನ ಹಲ್ಲುಗಳಿದ್ದು, ಒಂದು ಬಳೆಯನ್ನು ತಿರುಗಿಸಿ ಸ್ಪ್ರಿಂಗಿನ ಪೀಠವನ್ನು ಏರಿಸಬಹುದು, ಇಳಿಸಬಹುದು.

ನಾವು ಒಪ್ಪಿದೆವು. ಆದರೆ, ‘ವರ್ಕ್‌ಶಾಪಿಗೆ ಏಕೆ ದುಡ್ಡು? ಮನೆಯಲ್ಲೇ ಮಾಡು’ ಎಂದೆವು. ತಪ್ಪು ಅಲ್ಲಿಂದಲೇ ಆರಂಭವಾಯಿತು.

ಒಂದು ಭಾನುವಾರ ಕೆಲಸ ತೊಡಗಿತು. ಹುಡುಗ ಎಚ್ಚರದಿಂದಲೇ ನಡೆದನು. ಗಟ್ಟಿಯಾದ ಸಮನೆಲದಲ್ಲಿ ಕಾರು ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಮರದ ತುಂಡು ಕೊಟ್ಟು, ಗಾಲಿಯ ನಟ್ಟುಗಳನ್ನು ಜಾಕ್ ಎತ್ತುವ ಮೊದಲೇ ಸಡಿಲಿಸಿದನು. ಬರಿಯ ಜಾಕನ್ನು ನಂಬದೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟನು. ಬ್ರೇಕಿನ ಕೊಳವೆಗೆ ಭಾರ ಬೀಳದಂತೆ ಬಿಡಿಸಿ ಕಟ್ಟಿದನು. ಹಳೆಯ ಕಂಬ ಕೆಳಗೆ ಬಂದಿತು.

ಅದರ ತಲೆಯ ಮೇಲಿನ ರಬ್ಬರು ಮುಚ್ಚಳವನ್ನು ಹೊಸದಕ್ಕೆ ವರ್ಗಾಯಿಸಬೇಕಿತ್ತು. ಕಾರಿನಿಂದ ಬೇರ್ಪಟ್ಟ ಮಾತ್ರಕ್ಕೆ ಸ್ಪ್ರಿಂಗಿನ ಬಿಗುಪು ಇಳಿದಿರುವುದಿಲ್ಲ. ನಡುವಿನ ಒಂದೇ ನಟ್ಟು ಅದನ್ನು ಅದುಮಿ ಹಿಡಿದಿರುತ್ತದೆ. ಆದಕಾರಣ ಕೊಕ್ಕೆಗಳಿರುವ ಎರಡು ಉದ್ದನೆಯ ತಿರುಪುಗಳನ್ನು ಎದುರುಬದುರಾಗಿ ಹಾಕಿ, ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ಬಿಗಿಯುತ್ತ ಸ್ಪ್ರಿಂಗನ್ನು ಕುಗ್ಗಿಸಿದ ಮೇಲೆಯೇ ಆ ನಟ್ಟನ್ನು ಬಿಚ್ಚಬೇಕು. ನಮ್ಮಲ್ಲಿದ್ದುದು ಪರಿಚಿತರಿಂದ ಎರವಲು ತಂದ, ಕೊಕ್ಕೆ ಸವೆದ ಸಾಧನ. ಸಂಜೆಯಾಗುತ್ತಿತ್ತು. ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತಿದ್ದ ನಾವು, ‘ಬೇಗ ಮುಗಿಸಪ್ಪ, ಕತ್ತಲಾಯಿತು’ ಎಂದು ಎರಡು ಮೂರು ಬಾರಿ ಹೇಳಿದೆವು. ಅವಸರದಲ್ಲಿ ಅವನು ಒಂದು ಬದಿಯನ್ನೇ ಹೆಚ್ಚು ಬಿಗಿದನು. ಸ್ಪ್ರಿಂಗು ಬಿಲ್ಲಿನಂತೆ ಓರೆಯಾಯಿತು. ಅದನ್ನು ಇಬ್ಬರೂ ಕಂಡೆವು, ಇಬ್ಬರೂ ಸುಮ್ಮನಿದ್ದೆವು.

ನಟ್ಟು ಬಿಚ್ಚಿ ಬಂದಿತು. ಅಷ್ಟರಲ್ಲಿ ಅವನ ತಾಯಿ ಒಳಗಿನಿಂದ, ‘ಕಾಫಿ ಆರೋಯ್ತದೆ, ಬಾ ಮಗ’ ಎಂದು ಕೂಗಿದಳು. ಅವನು ಬಾಗಿದ್ದವನು ಹಿಂದಕ್ಕೆ ಸರಿದು ಅತ್ತ ತಿರುಗಿದನು. ಆಗಲೇ ಕೊಕ್ಕೆ ಜಾರಿತು. ಸಿಡಿದ ಸ್ಪ್ರಿಂಗು ಮುಚ್ಚಳವನ್ನು ಎಸೆದು, ಗೋಡೆಗೆ ಬಡಿದು ಅಂಗಳದ ಚಪ್ಪಡಿಯ ಮೇಲೆ ಉರುಳಿತು. ಗೋಡೆಯಲ್ಲಿ ಅಂಗೈಯಗಲ ಗಾರೆ ಉದುರಿತ್ತು. ಕ್ಷಣದ ಹಿಂದೆ ಅದರ ದಾರಿಯಲ್ಲಿ ಅವನ ಮುಖವಿತ್ತು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಅವನ ಕೈ ನಡುಗುತ್ತಿತ್ತು, ನಮ್ಮದೂ.

ಆ ರಾತ್ರಿ, ಮೊದಲು ಓದಬೇಕಾದುದನ್ನು ಕೊನೆಯಲ್ಲಿ ಓದಿದೆವು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಕಾಯಿದೆಯ ಮಾತಿರಲಿ, ಕಾರು ತಗ್ಗಿದಷ್ಟೂ ಸ್ಪ್ರಿಂಗಿಗೆ ಕುಗ್ಗಲು ಇರುವ ಎಡೆ ಕಡಿಮೆಯಾಗುತ್ತದೆ. ಚೆಂಡುಹೂವಿನ ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳು ಕೊರೆದ ಹೊಲದ ದಾರಿಯಲ್ಲಿ ತಗ್ಗಿದ ಕಾರು ಹೊಟ್ಟೆ ಉಜ್ಜಿಕೊಂಡೇ ಹೋಗಬೇಕು. ಬೆಳಿಗ್ಗೆ ಹುಡುಗನೇ, ‘ಬ್ಯಾಡ ದೊಡ್ಡಪ್ಪ, ಮೊದಲಿದ್ದಂಥದ್ದೇ ಹಾಕಾಣ’ ಎಂದನು. ಕಾಯಿಲ್‌ಓವರ್ ಜೋಡಿ ಕೊಂಡಲ್ಲಿಗೇ ಮರಳಿತು.

ಮೂಲ ಅಳತೆಯ ಹೊಸ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಎರಡೂ ಬದಿಗೆ ತರಿಸಿ, ಕಂಬಗಳನ್ನು ಗುಂಡ್ಲುಪೇಟೆಯ ವರ್ಕ್‌ಶಾಪಿಗೆ ಒಯ್ದೆವು. ಅಲ್ಲಿ ಸ್ಪ್ರಿಂಗು ಅದುಮುವ ಯಂತ್ರವನ್ನು ಮೇಜಿಗೆ ಭದ್ರಪಡಿಸಿದ್ದರು. ಮೆಕ್ಯಾನಿಕ್ ಒಮ್ಮೆಯೂ ಅದರ ಮೇಲೆ ಬಾಗಲಿಲ್ಲ. ಕೆಲಸವೆಲ್ಲ ಪಕ್ಕದಲ್ಲಿ ನಿಂತೇ. ಜೋಡಿಸಿ ಕೊಟ್ಟ ಕಂಬಗಳನ್ನು ಕಾರಿಗೆ ಕೂರಿಸುವ ಕೆಲಸವನ್ನು ಹುಡುಗ ನಮ್ಮ ಅಂಗಳದಲ್ಲೇ ಮಾಡಿದನು. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆವು.

ಮಕ್ಕಳು ಮನೆಯಲ್ಲಿ ಕೈಕೆಲಸ ಕಲಿಯಲಿ, ಅದು ಒಳ್ಳೆಯದೇ. ಆದರೆ ಯಾವ ಕೆಲಸ ನಮ್ಮ ಅಂಗಳದ್ದು, ಯಾವುದು ಯಂತ್ರವಿದ್ದವರ ಮೇಜಿನದು ಎಂಬುದನ್ನು ಹಿರಿಯರು ಮೊದಲೇ ತಿಳಿದಿರಬೇಕು. ಗೋಡೆಯ ಆ ಜಾಗಕ್ಕೆ ಇನ್ನೂ ಗಾರೆ ಹಚ್ಚಿಸಿಲ್ಲ. ಹುಡುಗ ಏನನ್ನಾದರೂ ಬಿಚ್ಚಿ ಕುಳಿತಾಗ ನಾವು ಹತ್ತಿರ ಕುಳಿತುಕೊಳ್ಳುತ್ತೇವೆ. ಬೇಗ ಮುಗಿಸು ಎನ್ನುವುದನ್ನು ಮಾತ್ರ ಬಿಟ್ಟಿದ್ದೇವೆ.